ಟ್ರೈಲರ್ ಎಳೆಯುವ ಪಿಕಪ್‌ಗೆ ಯಾವ ಟೈರ್? ವೇಬ್ರಿಜ್ ಹತ್ತಿದ ಮೇಲೆ ಬದಲಾದ ಉತ್ತರ

ಗೆಳೆಯ ಫೋನ್ ಮಾಡಿದ್ದು ಒಂದೇ ಪ್ರಶ್ನೆ ಕೇಳಲು. "ಹತ್ತು ಪ್ಲೈ ಟೈರ್‌ನಲ್ಲಿ ಯಾವ ಕಂಪನಿಯದು ಒಳ್ಳೆಯದು?"

ಪ್ರಶ್ನೆಯಲ್ಲೇ ಉತ್ತರದ ಮುಕ್ಕಾಲು ಭಾಗ ತೀರ್ಮಾನವಾಗಿತ್ತು. ಹತ್ತು ಪ್ಲೈ, ಅಂದರೆ ಭಾರಕ್ಕೆಂದೇ ಮಾಡಿದ ಗಟ್ಟಿ ಟೈರ್, ಹಾಕಿಸುವುದು ಖಾಯಂ, ಹೆಸರೊಂದು ಆರಿಸುವುದು ಬಾಕಿ. ಅವನದು ಮಣ್ಣು ಅಗೆಯುವ ಕೆಲಸ. ಡಬಲ್ ಕ್ಯಾಬಿನ ಫೋರ್ ವೀಲ್ ಡ್ರೈವ್ ಪಿಕಪ್, ಅದರ ಹಿಂದೆ ಎರಡು ಆಕ್ಸಲ್‌ನ (ಚಕ್ರದ ಅಚ್ಚಿನ) ಟ್ರೈಲರ್, ಟ್ರೈಲರ್ ಮೇಲೆ 1,700 ಕಿಲೋ ತೂಗುವ ಪುಟ್ಟ ಎಕ್ಸ್‌ಕವೇಟರ್. ಹಿಂದಿನ ವಾರ ಇಳಿಜಾರಿನಲ್ಲಿ 75 ಕಿಲೋಮೀಟರ್ ವೇಗದಲ್ಲಿದ್ದಾಗ ಟ್ರೈಲರ್ ಬಾಲ ಅಲ್ಲಾಡಿಸಲು ಶುರು ಮಾಡಿದೆ. ಮೊದಲು ಸಣ್ಣಗೆ, ಆಮೇಲೆ ಪಿಕಪ್‌ನ ಹಿಂಭಾಗವನ್ನೇ ಎಡಕ್ಕೂ ಬಲಕ್ಕೂ ಎಳೆಯುವಷ್ಟು. ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಸ್ಟೀರಿಂಗ್ ನೆಟ್ಟಗೆ ಹಿಡಿದು, ಟ್ರೈಲರ್ ಬ್ರೇಕನ್ನು ಮಾತ್ರ ಕೈಯಲ್ಲಿ ಒತ್ತಿ ಹೇಗೋ ಸಾವರಿಸಿಕೊಂಡಿದ್ದಾನೆ. ಅದಕ್ಕೂ ಎರಡು ತಿಂಗಳ ಹಿಂದೆ ಕೆಲಸದ ಜಾಗಕ್ಕೆ ಹೋಗುವ ಕಲ್ಲುದಾರಿಯಲ್ಲಿ ಒಂದು ಟೈರಿನ ಪಕ್ಕೆ ಸೀಳಿತ್ತು. ಎರಡನ್ನೂ ಕೂಡಿಸಿ ಸುತ್ತಲಿನವರೆಲ್ಲ ಹೇಳಿದ್ದು ಒಂದೇ: ಟೈರ್ ಮೆತ್ತಗಾಯಿತು, ಗಟ್ಟಿ ಟೈರ್ ಹಾಕು.

ನಾನು ಹೆಸರು ಹೇಳಲಿಲ್ಲ. ಟ್ರೈಲರ್, ಯಂತ್ರ, ದಿನನಿತ್ಯದ ಸಾಮಾನು ಎಲ್ಲ ಹೇರಿಕೊಂಡು ಗಾಡಿ ತೂಗುವ ವೇಬ್ರಿಜ್‌ಗೆ ಬಾ ಅಂದೆ. ಅವನಿಗೆ ಸಿಟ್ಟು ಬಂತು. ಟೈರ್ ಕೇಳಿದರೆ ತೂಕ ಹಾಕು ಅನ್ನುತ್ತಾನಲ್ಲ ಎಂದು.

ಇದ್ದ ಟೈರ್ ಏನು ಹೇಳುತ್ತಿತ್ತು

ತೂಕಕ್ಕೆ ಮೊದಲು ಕೆಳಗೆ ಬಗ್ಗಿ ನೋಡಿದೆ. ಸೈಡ್‌ವಾಲ್ ಮೇಲೆ, ಅಂದರೆ ಟೈರಿನ ಪಕ್ಕೆಯ ಮೇಲೆ, "ಪಿ265/70 ಆರ್17 113 ಎಸ್" ಎಂದಿತ್ತು. ಮುಂದಿನ "ಪಿ" ಅಂದರೆ ಪ್ಯಾಸೆಂಜರ್ ಕಾರಿನ ವರ್ಗದ ಟೈರ್, 17ರವರೆಗಿನದು ಅದರ ಅಳತೆ. ಪಿಕಪ್‌ಗೆ ಕಾರಿನ ಟೈರ್ ಯಾಕೆ ಎಂದು ಹುಬ್ಬೇರಿಸಬೇಕಿಲ್ಲ. ಸವಾರಿ ಮೆತ್ತಗಿರಲಿ, ಇಂಧನ ಉಳಿಯಲಿ ಎಂದು ಎಷ್ಟೋ ಪಿಕಪ್‌ಗಳು ಕಾರ್ಖಾನೆಯಿಂದಲೇ ಹೀಗೆ ಬರುತ್ತವೆ. 113 ಎಂಬ ಲೋಡ್ ಇಂಡೆಕ್ಸ್ ಅಂದರೆ ಒಂದು ಟೈರ್ 1,150 ಕಿಲೋ ಹೊರಬಲ್ಲದು. "ಎಸ್" ಅಂದರೆ ಗಂಟೆಗೆ 180 ಕಿಲೋಮೀಟರ್‌ವರೆಗಿನ ವೇಗ. ಎಕ್ಸ್‌ಕವೇಟರ್ ಎಳೆಯುವವನಿಗೆ ಆ ಅಕ್ಷರದಿಂದ ಆಗಬೇಕಾದ್ದು ಕಡಿಮೆ.

ಅಂಡಾಕಾರದ ಪುಟ್ಟ ಚೌಕಟ್ಟಿನಲ್ಲಿ ಕೊನೆಯ ನಾಲ್ಕು ಅಂಕಿ 1916. ಅಂದರೆ 2016ನೇ ಇಸವಿಯ 19ನೇ ವಾರ ತಯಾರಾದದ್ದು. ಎಂಟು ವರ್ಷ ದಾಟಿತ್ತು. ಟ್ರೆಡ್‌ನ, ಅಂದರೆ ನೆಲಕ್ಕೆ ತಾಗುವ ಹೊರಮೈಯ, ರಬ್ಬರ್ ಗುಂಡಿಗಳ ನಡುವಿನ ಸಂದುಗಳ ತಳದಲ್ಲಿ ಕೂದಲೆಳೆಯಂಥ ಬಿರುಕುಗಳು. ಆರು ವರ್ಷ ಆದ ಮೇಲೆ ಬದಲಿಸಿ ಎನ್ನುವ ವಾಹನ ತಯಾರಕರು ಹಲವರಿದ್ದಾರೆ, ಹತ್ತು ವರ್ಷ ಮೀರಲೇಬೇಡಿ ಎನ್ನುವ ಟೈರ್ ತಯಾರಕರೂ ಇದ್ದಾರೆ. ಭಾರ ಎಳೆಯುವ ಗಾಡಿಯಾದರೆ ನಾನು ಮೊದಲಿನವರ ಮಾತು ಕೇಳುತ್ತೇನೆ. ರಬ್ಬರ್ ಹಳತಾದಂತೆ ಬಿಸಿ ತಡೆಯುವ ಶಕ್ತಿ ಕುಗ್ಗುತ್ತದೆ, ಎಳೆಯುವ ಗಾಡಿಯ ಟೈರಿಗೆ ಬಿಸಿಯೇ ಶತ್ರು.

ಮುಂದಿನ ಎರಡರಲ್ಲಿ 4 ಮಿಲಿಮೀಟರ್ ಟ್ರೆಡ್ ಉಳಿದಿತ್ತು. ಹಿಂದಿನದರಲ್ಲಿ ನಡುವೆ 3.6, ಎರಡೂ ಅಂಚಿನಲ್ಲಿ 2.3. ಬಹಳ ಕಡೆ ಕಾನೂನಿನ ಕನಿಷ್ಠ ಮಿತಿ 1.6 ಮಿಲಿಮೀಟರ್, ಟೈರ್‌ನಲ್ಲೇ ಅಷ್ಟೆತ್ತರದ ಅಡ್ಡಪಟ್ಟಿಗಳಿರುತ್ತವೆ. ಆದರೆ ಅಂಚು ಮಾತ್ರ ಸವೆದಿತ್ತಲ್ಲ, ಅದು ಹೇಳುತ್ತಿದ್ದದ್ದು ಬೇರೆ ಕಥೆ. ಭಾರ ಇದ್ದಾಗ ಗಾಳಿ ಸಾಕಾಗಿಲ್ಲ, ಟೈರ್ ನಡುವೆ ಕುಸಿದು ಅಂಚಿನ ಮೇಲೆ ಓಡಿದೆ. ಗೇಜ್ ಹಚ್ಚಿದೆ: ಬಾಗಿಲ ಚೌಕಟ್ಟಿನ ಚೀಟಿಯಲ್ಲಿ 35 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಅಂತಿದೆ, ಹಿಂದಿನ ಟೈರ್‌ಗಳಲ್ಲಿ ಇದ್ದದ್ದು 28.

"ನೋಡಿದರೆ ಸರಿಯಾಗೇ ಕಾಣುತ್ತಿತ್ತಲ್ಲ" ಅಂದ. ರೇಡಿಯಲ್ ಟೈರ್ ಕಣ್ಣಿಗೆ ಹಾಗೇ ಕಾಣುವುದು. ಸರಿಯಾಗಿ ಗಾಳಿ ಇದ್ದಾಗಲೂ ಅದರ ಪಕ್ಕೆ ತುಸು ಉಬ್ಬಿಯೇ ಇರುತ್ತದೆ. ಕಾಲಲ್ಲಿ ಒದ್ದು ನೋಡುವ ಪರೀಕ್ಷೆಯಿಂದ ತಿಳಿಯುವುದು ಕಾಲು ಗಟ್ಟಿಯಿದೆಯೋ ಇಲ್ಲವೋ ಎಂಬುದಷ್ಟೇ.

ವೇಬ್ರಿಜ್‌ನಲ್ಲಿ

ಮೂರು ಸಲ ಹತ್ತಿಸಿ ಇಳಿಸಿದೆವು. ಮೊದಲು ಟ್ರೈಲರ್ ಬಿಚ್ಚಿ, ಇಂಧನ ತುಂಬಿ, ಹಿಂಬದಿಯಲ್ಲಿ ಉಪಕರಣದ ಪೆಟ್ಟಿಗೆ ಸಹಿತ ಪಿಕಪ್ ಒಂದೇ: ಮುಂದಿನ ಆಕ್ಸಲ್ 1,310 ಕಿಲೋ, ಹಿಂದಿನದು 1,130, ಒಟ್ಟು 2,440. ಆಮೇಲೆ ಟ್ರೈಲರ್ ತಗುಲಿಸಿ, ಅದರ ಚಕ್ರಗಳು ಕಟ್ಟೆಯಿಂದ ಹೊರಗಿರುವಂತೆ ನಿಲ್ಲಿಸಿದೆವು: ಮುಂದೆ 1,250, ಹಿಂದೆ 1,350, ಒಟ್ಟು 2,600. ಕೊನೆಗೆ ಟ್ರೈಲರಿನ ಚಕ್ರಗಳು ಮಾತ್ರ: 2,240.

ಕಳೆಯುವ ಲೆಕ್ಕ ಸುಲಭ. ಟ್ರೈಲರ್ ತನ್ನ ಮೂತಿಯಿಂದ ಪಿಕಪ್‌ನ ಕೊಕ್ಕೆ ಮೇಲೆ ಹೇರಿದ ತೂಕ 2,600ರಲ್ಲಿ 2,440 ಕಳೆದರೆ 160 ಕಿಲೋ. ಟ್ರೈಲರಿನ ಪೂರ್ತಿ ತೂಕ 2,240 ಮತ್ತು 160 ಸೇರಿ 2,400. ಅಂದರೆ ಕೊಕ್ಕೆಯ ಭಾರ ಶೇಕಡ 7ಕ್ಕೂ ಕಡಿಮೆ.

ನಾನು ಹುಡುಕುತ್ತಿದ್ದದ್ದು ಇದನ್ನೇ. ಗುಂಡುಕೊಕ್ಕೆಗೆ ತಗುಲಿಸಿ ಎಳೆಯುವ ಸಾಧಾರಣ ಟ್ರೈಲರಿಗೆ ಮೂತಿಯ ಭಾರ ಒಟ್ಟು ತೂಕದ ಶೇಕಡ 10ರಿಂದ 15 ಇರಬೇಕು ಎನ್ನುವುದು ಇಂಥ ಭಾರಿ ಟ್ರೈಲರ್ ಎಳೆಯುವವರಲ್ಲಿ ರೂಢಿಯಾಗಿರುವ ಲೆಕ್ಕ. ಅದಕ್ಕಿಂತ ಕಡಿಮೆಯಾದರೆ ತೂಕದ ಕೇಂದ್ರ ಟ್ರೈಲರಿನ ಆಕ್ಸಲ್ ಹತ್ತಿರಕ್ಕೆ ಸರಿಯುತ್ತದೆ, ಟ್ರೈಲರ್ ತಕ್ಕಡಿಯ ದಂಡಿಯ ಹಾಗೆ ಯಾವ ಕಡೆಗಾದರೂ ತೂಗಲು ಸಿದ್ಧವಾಗಿ ನಿಂತಿರುತ್ತದೆ. ಗಾಳಿಯ ಒಂದು ಬೀಸು, ಪಕ್ಕದಲ್ಲಿ ಹಾದುಹೋಗುವ ಬಸ್ಸು, ಇಳಿಜಾರಿನಲ್ಲಿ ಹಿಂದಿನಿಂದ ಬರುವ ತಳ್ಳು ಸಾಕು. ಬಾಲ ಅಲ್ಲಾಡಿದ್ದಕ್ಕೆ ಮುಖ್ಯ ಕಾರಣ ಇಲ್ಲಿತ್ತು, ಬೈಗುಳ ತಿಂದದ್ದು ಟೈರ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಎಕ್ಸ್‌ಕವೇಟರನ್ನು ಟ್ರೈಲರ್ ಮೇಲೆ ಎಷ್ಟು ಮುಂದೆ ತರಬೇಕು? ಕೊಕ್ಕೆಯಿಂದ ಟ್ರೈಲರಿನ ಎರಡು ಆಕ್ಸಲ್‌ಗಳ ನಡುಬಿಂದುವಿಗೆ 3.6 ಮೀಟರ್ ಇತ್ತು. 1,700 ಕಿಲೋದ ಯಂತ್ರವನ್ನು 25 ಸೆಂಟಿಮೀಟರ್ ಮುಂದೆ ಸರಿಸಿದರೆ ಮೂತಿಗೆ ಬೀಳುವ ಹೆಚ್ಚುವರಿ ಭಾರ 1,700 ಗುಣಿಸು 0.25 ಭಾಗಿಸು 3.6, ಅಂದರೆ ಸುಮಾರು 118 ಕಿಲೋ. ಒಂದು ಗೇಣಿಗಿಂತ ಚೂರು ಹೆಚ್ಚು. ಅವನು ಅಲ್ಲಿಯೇ ಯಂತ್ರ ಶುರು ಮಾಡಿ ಅಷ್ಟು ಮುಂದೆ ತಂದ, ಸರಪಳಿ ಬಿಗಿದ, ಮತ್ತೆ ತೂಗಿದೆವು. ಮುಂದಿನ ಆಕ್ಸಲ್ 1,210, ಹಿಂದಿನದು 1,510, ಟ್ರೈಲರ್ ಚಕ್ರಗಳು 2,120. ಮೂತಿಯ ಭಾರ 280 ಕಿಲೋ, ಶೇಕಡ 12ಕ್ಕೆ ಹತ್ತಿರ. ಕೊಕ್ಕೆಯ ಫಲಕದಲ್ಲಿ ಕೊರೆದಿದ್ದ ಮಿತಿ 300 ಆದ್ದರಿಂದ ಅಲ್ಲಿಗೆ ನಿಲ್ಲಿಸಿದೆವು. ಟ್ರೈಲರ್ ಮೇಲೆ ಯಂತ್ರದ ಪಟ್ಟಿ ನಿಲ್ಲಬೇಕಾದ ಜಾಗಕ್ಕೆ ಬಿಳಿ ಬಣ್ಣದ ಗೆರೆ ಎಳೆಸಿದೆ.

ಇಲ್ಲೊಂದು ವಿಷಯ ಗಮನಿಸಿ. ಕೊಕ್ಕೆ ಮೇಲೆ ಬಿದ್ದದ್ದು 280 ಕಿಲೋ, ಹಿಂದಿನ ಆಕ್ಸಲ್ ಮೇಲೆ ಏರಿದ್ದು 380. ಕೊಕ್ಕೆ ಇರುವುದು ಆಕ್ಸಲ್‌ಗಿಂತ 1.25 ಮೀಟರ್ ಹಿಂದೆ, ಎರಡು ಆಕ್ಸಲ್‌ಗಳ ನಡುವೆ 3.6 ಮೀಟರ್ (ಟ್ರೈಲರಿನ ಅಳತೆಯೂ ಅದೇ ಬಂದದ್ದು ಕಾಕತಾಳೀಯ). ಹಿಂದೆ ಒತ್ತಿದಾಗ ಮುಂಭಾಗ ಸನ್ನೆಗೋಲಿನ ತುದಿಯಂತೆ ಮೇಲೇಳುತ್ತದೆ, ಅಲ್ಲಿ ಹಗುರಾದ 100 ಕಿಲೋ ಹಿಂದಕ್ಕೆ ಬಂದು ಸೇರುತ್ತದೆ. "ಮೂತಿ ಭಾರ ಇಷ್ಟು, ಅದನ್ನು ಎರಡು ಟೈರ್ ಹಂಚಿಕೊಳ್ಳುತ್ತವೆ" ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುವವರು ಈ ಮೂರನೇ ಒಂದು ಭಾಗವನ್ನು ಮರೆಯುತ್ತಾರೆ. ಟೈರ್ ಆಯ್ಕೆಗೆ ಬೇಕಾದ್ದು ಟ್ರೈಲರಿನ ತೂಕವಲ್ಲ, ಅದು ಪಿಕಪ್‌ನ ಹಿಂದಿನ ಆಕ್ಸಲ್ ಮೇಲೆ ಏನು ಮಾಡುತ್ತದೆ ಎನ್ನುವುದು.

ಹೊರಡುವ ಮುಂಚೆ ಎಡಗಡೆಯ ಚಕ್ರಗಳನ್ನು ಮಾತ್ರ ಕಟ್ಟೆ ಮೇಲೆ ಹತ್ತಿಸಿದೆವು. 1,510 ಕಿಲೋ ಸರಿಸಮ ಹಂಚಿರಲಿಲ್ಲ. ಎಡಕ್ಕೆ 790, ಬಲಕ್ಕೆ 720. ಪೆಟ್ಟಿಗೆ ಎಡಗಡೆ ಇತ್ತು. ಹಾಗಾಗಿ ಇಡೀ ಗಾಡಿಯಲ್ಲಿ ಅತಿ ಹೆಚ್ಚು ಹೊರುವ ಟೈರ್ ಹೊರುವುದು 790 ಕಿಲೋ. ತಯಾರಕರು ಹಿಂದಿನ ಆಕ್ಸಲ್‌ಗೆ ಕೊಟ್ಟ ಮಿತಿ 1,750, ಅಂದರೆ ಒಂದು ಟೈರಿಗೆ 875.

ಇನ್ನು ಟೈರಿನ ಮಾತಿಗೆ ಬರಬಹುದು.

ಹಳೆಯ ಟೈರ್ ಹೊರುತ್ತಿದ್ದದ್ದು 1,150 ಅಲ್ಲ

ಪ್ಯಾಸೆಂಜರ್ ವರ್ಗದ ಟೈರನ್ನು ಪಿಕಪ್‌ಗೆ ಹಾಕಿದಾಗ ಅದರ ಸಾಮರ್ಥ್ಯವನ್ನು 1.1ರಿಂದ ಭಾಗಿಸಬೇಕು ಎಂಬ ನಿಯಮವಿದೆ. ಪಿಕಪ್‌ಗೆ ಜನ ಕಾರಿಗೆ ಕೊಡದ ಕಷ್ಟ ಕೊಡುತ್ತಾರೆ ಎನ್ನುವ ಅನುಭವದಿಂದ ಬಂದ ನಿಯಮ ಅದು. 1,150 ಭಾಗಿಸು 1.1, ಅಂದರೆ 1,045 ಕಿಲೋ. ಅದೂ 35 ಪಿಎಸ್‌ಐ ಇದ್ದಾಗ. ಅವನಿಗೆ ಬೇಕಾದ್ದು 790, ಹೆಚ್ಚೆಂದರೆ 875. ಅಂದಮೇಲೆ ಕಾರ್ಖಾನೆ ಕೊಟ್ಟ ಟೈರ್, ಸರಿಯಾಗಿ ಗಾಳಿ ಇದ್ದಿದ್ದರೆ, ಈ ಭಾರಕ್ಕೆ ಸಾಕಾಗಿತ್ತು.

ಇದನ್ನು ಹೇಳಿದಾಗ ಅವನ ಮುಖ ನೋಡಬೇಕಿತ್ತು. ಹತ್ತು ಪ್ಲೈ ಹಾಕಿಸಬೇಕೆಂದು ಬಂದವನಿಗೆ ಇದ್ದದ್ದೇ ಸಾಕಿತ್ತು ಅಂದರೆ ಹೇಗಾಗಬೇಡ? ಆದರೆ ಟೈರ್ ಬದಲಿಸಬೇಕಾದ್ದು ನಿಜವೇ. ವಯಸ್ಸಾಗಿದೆ, ಅಂಚು ಸವೆದಿದೆ. ಪ್ರಶ್ನೆ, ಅದೇ ತರಹದ್ದೋ ಬೇರೆಯದೋ?

ಭಾರವೊಂದೇ ಪ್ರಶ್ನೆಯಾಗಿದ್ದರೆ ಅದೇ ಸಾಕು ಎಂದು ಬರೆದುಕೊಡುತ್ತಿದ್ದೆ. ಬೇರೆಯದು ಬೇಕಾಗಿದ್ದು ಕಲ್ಲುದಾರಿಗೆ. ಪ್ರತಿ ಕೆಲಸಕ್ಕೂ ಕೊನೆಯ ಐದಾರು ಕಿಲೋಮೀಟರ್ ಒಡೆದ ಜಲ್ಲಿಯ ಮೇಲೆ, ಅದೂ ಹಿಂದೆ ಟ್ರೈಲರ್ ಕಟ್ಟಿಕೊಂಡು. ಟ್ರೆಡ್‌ನಲ್ಲಿ ಮೊಳೆ ಚುಚ್ಚಿದರೆ ಪಂಕ್ಚರ್ ಹಾಕಬಹುದು. ಪಕ್ಕೆ ಸೀಳಿದರೆ ಟೈರ್ ಮುಗಿಯಿತು, ಅಲ್ಲಿ ಪ್ಯಾಚ್ ನಿಲ್ಲುವುದಿಲ್ಲ. ಲೈಟ್ ಟ್ರಕ್ ವರ್ಗದ, ಅಂದರೆ ಹೆಸರಿನ ಮುಂದೆ "ಎಲ್‌ಟಿ" ಇರುವ ಟೈರಿನ ಪಕ್ಕೆ ದಪ್ಪ, ಅದರ ಟ್ರೆಡ್ ರಬ್ಬರ್ ಕಲ್ಲಿನ ಕಡಿತವನ್ನು ಹೆಚ್ಚು ತಡೆಯುತ್ತದೆ. ಜೊತೆಗೆ ಗಟ್ಟಿ ಪಕ್ಕೆಯ ಟೈರ್ ತಿರುವಿನಲ್ಲಿ ಕಡಿಮೆ ವಾಲುತ್ತದೆ, ಟ್ರೈಲರ್ ಎಳೆದಾಡಿದರೆ ಪಿಕಪ್ ಅದಕ್ಕೆ ಬೇಗ ಸೋಲುವುದಿಲ್ಲ. ಈ ಲಾಭ ನಿಜ. ತಪ್ಪಾದ ಮೂತಿ ಭಾರವನ್ನು ಮಾತ್ರ ಅದು ಸರಿ ಮಾಡದು.

35ರ ಬಲೆ

ಈ ಪ್ರಕರಣದಲ್ಲಿ ನನಗೆ ಅತಿ ಮುಖ್ಯ ಅನಿಸಿದ ಭಾಗ ಇದು. ಅಂಗಡಿಯಲ್ಲಿ ಇದನ್ನು ಹೇಳಿದವರನ್ನು ನಾನು ಕಂಡದ್ದು ಅಪರೂಪ.

ಅದೇ ಅಳತೆಯಲ್ಲಿ ಎಲ್‌ಟಿ ಟೈರ್ ಎರಡು ಬಗೆ ಸಿಗುತ್ತಿತ್ತು. ಲೋಡ್ ರೇಂಜ್ (ಭಾರದ ದರ್ಜೆ) ಸಿ: ಇಂಡೆಕ್ಸ್ 112/109, ಒಂದೊಂದೇ ಹಾಕಿದಾಗ 1,120 ಕಿಲೋ, ಅದು 50 ಪಿಎಸ್‌ಐನಲ್ಲಿ. ಲೋಡ್ ರೇಂಜ್ ಇ: 121/118, 1,450 ಕಿಲೋ, 80 ಪಿಎಸ್‌ಐನಲ್ಲಿ. ಗೀಟಿನ ಆಚೆಯ ಎರಡನೇ ಸಂಖ್ಯೆ ಒಂದೇ ಕಡೆ ಜೋಡಿ ಚಕ್ರ ಹಾಕುವ ಗಾಡಿಗೆ, ಇವನಿಗೆ ಸಂಬಂಧವಿಲ್ಲ. ಜನ ಆರು ಪ್ಲೈ, ಹತ್ತು ಪ್ಲೈ ಎಂದು ಕರೆಯುವುದು ಇವನ್ನೇ. ಒಳಗೆ ಹತ್ತು ಪದರ ಇರುವುದಿಲ್ಲ. ಟೈರಿನಲ್ಲಿ ಹತ್ತಿಯ ದಾರ ಹಾಕುತ್ತಿದ್ದ ಕಾಲದ ಹತ್ತು ಪದರದಷ್ಟು ಬಲ ಎಂಬ ಅರ್ಥದಲ್ಲಿ ಉಳಿದುಕೊಂಡ ಮಾತು ಅದು. ಈಗಿನ ಬಹುತೇಕ ಇಂಥ ಟೈರಿನ ಪಕ್ಕೆಯಲ್ಲಿ ಎರಡೋ ಮೂರೋ ಪಾಲಿಯೆಸ್ಟರ್ ಪದರ.

1,450 ನೋಡಿದವನ ಕಣ್ಣು ಅರಳುತ್ತದೆ. ಆದರೆ ಆ ಸಂಖ್ಯೆ 80 ಪಿಎಸ್‌ಐಗೆ ಸೇರಿದ್ದು. ಭಾರ ಹೊರುವುದು ರಬ್ಬರ್ ಅಲ್ಲ, ಒಳಗಿನ ಗಾಳಿ. ಟೈರ್ ಎನ್ನುವುದು ಗಾಳಿ ಹಿಡಿದಿಡುವ ಚೀಲ. ಚೀಲ ಗಟ್ಟಿಯಾದಷ್ಟೂ ಹೆಚ್ಚು ಗಾಳಿ ತುಂಬಬಹುದು, ತುಂಬದಿದ್ದರೆ ಗಟ್ಟಿ ಚೀಲದಿಂದ ಉಪಯೋಗವಿಲ್ಲ. ಇದೇ ಹತ್ತು ಪ್ಲೈ ಟೈರನ್ನು 50 ಪಿಎಸ್‌ಐನಲ್ಲಿ ಇಟ್ಟರೆ ಅದೂ ಹೊರುವುದು ಸಿ ಟೈರಿನಷ್ಟೇ, 1,120. ಬಾಗಿಲ ಚೀಟಿಯ 35ನ್ನೇ ಪಾಲಿಸಿದರೆ ಸುಮಾರು 870ರ ಆಸುಪಾಸು.

ಮತ್ತೆ ಓದಿ. ಹಳೆಯ "ಮೆತ್ತನೆ" ಟೈರ್ 35 ಪಿಎಸ್‌ಐನಲ್ಲಿ, 1.1ರಿಂದ ಭಾಗಿಸಿದ ಮೇಲೂ, 1,045 ಕಿಲೋ ಹೊರುತ್ತಿತ್ತು. ಹತ್ತು ಪ್ಲೈ ಹಾಕಿಸಿ ಹಳೆಯ ಗಾಳಿಯನ್ನೇ ಉಳಿಸಿಕೊಂಡಿದ್ದರೆ ಪ್ರತಿ ಟೈರಿಗೂ 170 ಕಿಲೋಗಿಂತ ಹೆಚ್ಚು ಸಾಮರ್ಥ್ಯ ಕಳೆದುಕೊಳ್ಳುತ್ತಿದ್ದ. ದುಡ್ಡೂ ಕೊಟ್ಟು, ಗಾಡಿಯನ್ನೂ ದುರ್ಬಲ ಮಾಡಿಕೊಂಡು, ಗಟ್ಟಿ ಟೈರ್ ಹಾಕಿದ್ದೇನೆ ಎಂಬ ಧೈರ್ಯದಲ್ಲಿ ಇನ್ನಷ್ಟು ಹೇರುತ್ತಿದ್ದ. ಟೈರ್ ಬಿಚ್ಚಿ ಹಾಕುವವರು ಚೀಟಿ ನೋಡಿ 35 ತುಂಬಿ ಕಳಿಸುವುದನ್ನು ನಾನೇ ನೋಡಿದ್ದೇನೆ. ಅವರನ್ನು ಬೈಯುವಂತಿಲ್ಲ, ಚೀಟಿಯಲ್ಲಿ ಇರುವುದು ಅಷ್ಟೇ. ಆದರೆ ಆ ಚೀಟಿ ಬರೆದದ್ದು ಆ ಟೈರಿಗೆ, ಈ ಟೈರಿಗಲ್ಲ.

ಗಾಳಿ ಕಡಿಮೆಯಾದರೆ ಆಗುವುದೇನು? ಪ್ರತಿ ಸುತ್ತಿಗೂ ಪಕ್ಕೆ ಹೆಚ್ಚು ಬಾಗಿ ನೆಟ್ಟಗಾಗುತ್ತದೆ, ತಂತಿಯನ್ನು ಮತ್ತೆ ಮತ್ತೆ ಬಗ್ಗಿಸಿದರೆ ಬಿಸಿಯಾಗುವ ಹಾಗೆ ಬಿಸಿಯಾಗುತ್ತದೆ, ಕೊನೆಗೆ ಟ್ರೆಡ್ ಉಕ್ಕಿನ ಪಟ್ಟಿಯಿಂದ ಬಿಟ್ಟುಕೊಳ್ಳುತ್ತದೆ. 2000ನೇ ಇಸವಿಯ ಆಗಸ್ಟ್‌ನಲ್ಲಿ ಫೈರ್‌ಸ್ಟೋನ್ ಕಂಪನಿ ಅಮೆರಿಕದಲ್ಲಿ ಸುಮಾರು 65 ಲಕ್ಷ ಟೈರ್ ವಾಪಸ್ ಕರೆಸಿಕೊಂಡದ್ದು ಟ್ರೆಡ್ ಕಿತ್ತುಹೋಗುತ್ತಿದ್ದ ಕಾರಣಕ್ಕೆ. ಆಗ ನಡೆದ ಜಗಳದ ಒಂದು ಎಳೆ ಗಾಳಿಯದ್ದೇ: ಫೋರ್ಡ್ ಎಕ್ಸ್‌ಪ್ಲೋರರ್‌ಗೆ ವಾಹನ ಕಂಪನಿ ಹೇಳಿದ್ದು 26 ಪಿಎಸ್‌ಐ, ಟೈರ್ ಕಂಪನಿ 30 ಬೇಕಿತ್ತು ಎಂದಿತು. ಕಾರಣ ಅದೊಂದೇ ಆಗಿರಲಿಲ್ಲ, ತಯಾರಿಕೆ ಮತ್ತು ವಿನ್ಯಾಸದ ದೋಷಗಳ ಚರ್ಚೆಯೂ ಇತ್ತು. ಅದೇ ವರ್ಷ ಅಲ್ಲಿ ಬಂದ ಕಾನೂನಿನಿಂದಾಗಿಯೇ ಗಾಳಿ ಇಳಿದಾಗ ಡ್ಯಾಶ್‌ಬೋರ್ಡ್‌ನಲ್ಲಿ ಹತ್ತುವ ದೀಪ ಆ ದೇಶದಲ್ಲಿ ಕಡ್ಡಾಯವಾಯಿತು.

ಸಿ ಮತ್ತು ಇ ನಡುವೆ

ಒಂದು ವರ್ಗದಿಂದ ಇನ್ನೊಂದಕ್ಕೆ ಹೋಗುವಾಗ ಪಾಲಿಸಬೇಕಾದ್ದು ಇಷ್ಟು: ಹೊಸ ಟೈರ್ ಹಳೆಯದು ಚೀಟಿಯ ಗಾಳಿಯಲ್ಲಿ ಹೊರುತ್ತಿದ್ದಷ್ಟಾದರೂ ಹೊರಬೇಕು, ಅದಕ್ಕೆ ಬೇಕಾದ ಗಾಳಿ ಎಷ್ಟೆಂದು ಟೈರ್ ತಯಾರಕರ ಲೋಡ್ ಕೋಷ್ಟಕದಲ್ಲಿ ನೋಡಬೇಕು. ಇಲ್ಲಿ ಗುರಿ 1,045. 50 ಪಿಎಸ್‌ಐನಲ್ಲಿ 1,120, ಗುರಿ ದಾಟಿತು. ಅಷ್ಟಾದರೆ ಸಿ ಸಾಕಲ್ಲವೇ?

ಅವನ ವಾದ: ಇ ಹಾಕಿಸಿದರೆ ಮುಂದೆ ದೊಡ್ಡ ಯಂತ್ರ ತಂದಾಗಲೂ ಆಗುತ್ತದೆ. ನಾನು ಬಾಗಿಲ ಚೌಕಟ್ಟಿನ ಇನ್ನೊಂದು ಚೀಟಿ ತೋರಿಸಿದೆ. ಹಿಂದಿನ ಆಕ್ಸಲ್ 1,750. ಟೈರ್ ಒಂದಕ್ಕೆ 875. ಸಿ ಟೈರ್ 1,120 ಹೊರುತ್ತದೆ. ಅಂದರೆ ಆಕ್ಸಲ್, ಸ್ಪ್ರಿಂಗ್, ಕೊಕ್ಕೆ ಎಲ್ಲ ತಮ್ಮ ಮಿತಿ ಮುಟ್ಟಿ ನಿಂತಾಗಲೂ ಸಿ ಟೈರಿನಲ್ಲಿ 245 ಕಿಲೋ ಉಳಿದೇ ಇರುತ್ತದೆ. ಇ ಟೈರಿನ ಉಳಿದ 330 ಕಿಲೋ ಈ ಗಾಡಿ ಇರುವವರೆಗೆ ಒಂದು ದಿನವೂ ಬಳಕೆಗೆ ಬರುವುದಿಲ್ಲ. ಟೈರ್ ಬದಲಿಸಿದರೆ ಬಾಗಿಲ ಚೀಟಿ ಬದಲಾಗುವುದಿಲ್ಲ.

ಇನ್ನೊಂದು ಲೆಕ್ಕವನ್ನೂ ಮುಂದಿಟ್ಟೆ. ತಿಂಗಳಿಗೆ ಎಷ್ಟು ಸಲ ಎಳೆಯುತ್ತೀಯ? ಐದಾರು ಸಲ. ಉಳಿದ ಓಡಾಟ ಖಾಲಿ ಗಾಡಿ. ಉಪಕರಣದ ಪೆಟ್ಟಿಗೆಯೂ ಇಲ್ಲದೆ ಖಾಲಿ ಇದ್ದಾಗ ಹಿಂದಿನ ಆಕ್ಸಲ್ ಮೇಲೆ 930 ಕಿಲೋ, ಟೈರಿಗೆ 465. ಅಷ್ಟು ಹಗುರ ಭಾರಕ್ಕೆ ಅಷ್ಟು ಗಡುಸಾದ ಇ ಟೈರ್ ಹಾಕಿದರೆ ಹಿಂಭಾಗ ಪುಟಿಯುತ್ತದೆ, ಒದ್ದೆ ರಸ್ತೆಯಲ್ಲಿ ಹಿಡಿತ ಕಡಿಮೆ, ಚಕ್ರ ಒಂದೊಂದೂ ಕೆಲವು ಕಿಲೋ ಹೆಚ್ಚು ತೂಗಿ ಬ್ರೇಕಿಗೂ ಶಾಕ್ ಅಬ್ಸಾರ್ಬರ್‌ಗೂ ಕೆಲಸ ಹೆಚ್ಚು. ಇಷ್ಟೆಲ್ಲ ಸಹಿಸಬೇಕಾದ್ದು ಬಳಸದ 330 ಕಿಲೋಗಾಗಿ.

ಇ ಪರವಾಗಿ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಪಕ್ಕೆಯ ಗಡಸುತನ ಅದರಲ್ಲಿ ಹೆಚ್ಚು. ದಿನವೂ ಎಳೆಯುವವನು, ಹಿಂದಿನ ಆಕ್ಸಲ್ ಮಿತಿಯ ಅಂಚಿನಲ್ಲೇ ಇರುವವನು, ಇದಕ್ಕಿಂತ ದೊಡ್ಡ ಪಿಕಪ್ ಇಟ್ಟವನು ಕೇಳಿದ್ದರೆ ನಾನೇ ಇ ಅನ್ನುತ್ತಿದ್ದೆ. ಅಂಥ ದೊಡ್ಡ ಪಿಕಪ್‌ಗಳು ಕಾರ್ಖಾನೆಯಿಂದಲೇ ಇ ಹಾಕಿಕೊಂಡು ಬರುತ್ತವೆ.

ಉಳಿದ ಆಸೆಗಳನ್ನು ಬೇಗ ಮುಗಿಸಿದೆವು. ನೋಡಲು ಗಂಭೀರವಾಗಿರುತ್ತದೆ ಎಂದು 285/70 ಆರ್17 ಕೇಳಿದ. ಅದರ ವ್ಯಾಸ 803 ಮಿಲಿಮೀಟರ್ ಬದಲು 831, ಶೇಕಡ 3.5 ದೊಡ್ಡದು. ಗೇರ್ ಅಷ್ಟರಮಟ್ಟಿಗೆ ಎತ್ತರವಾದಂತೆ, ಏರಿನಲ್ಲಿ ಎಳೆತ ಕಡಿಮೆ, ಸ್ಪೀಡೋಮೀಟರ್ ತೋರಿಸುವುದಕ್ಕಿಂತ ಜಾಸ್ತಿ ವೇಗ. ಎಳೆಯುವ ಗಾಡಿಗೆ ಬೇಡ. ಕೆಸರಿಗೆಂದೇ ಮಾಡಿದ, ಟ್ರೆಡ್‌ನಲ್ಲಿ ದೊಡ್ಡ ರಬ್ಬರ್ ಗುಂಡಿಗಳಿರುವ ಟೈರ್ ಕೂಡ ಬೇಡ. ಎತ್ತರದ ಗುಂಡಿಗಳು ಭಾರದಡಿ ತಾವೇ ಓಲಾಡುತ್ತವೆ, ಟಾರ್ ರಸ್ತೆಯಲ್ಲಿ ಸದ್ದು, ಬಿಸಿ. ಹಿಂದಿನ ಎರಡನ್ನು ಮಾತ್ರ ಬದಲಿಸೋಣವೇ ಎಂದ. ನಾಲ್ಕೂ ಒಂದೇ ವಯಸ್ಸಿನವು, ಮುಂದಿನದಕ್ಕೂ ಕಾಲ ಬಂದಿತ್ತು. ಅಲ್ಲದೆ ಫೋರ್ ವೀಲ್ ಡ್ರೈವ್ ಹಾಕಿದಾಗ ಮುಂದೆ ಹಿಂದೆ ಸುತ್ತಳತೆ ಬೇರೆಯಾದರೆ ಪೆಟ್ಟು ಬೀಳುವುದು ಗೇರ್‌ಗಳಿಗೆ. ಕೊನೆಗೆ ನಿಂತದ್ದು ಎಲ್‌ಟಿ265/70 ಆರ್17, ಲೋಡ್ ರೇಂಜ್ ಸಿ, ಟಾರಿಗೂ ಕಚ್ಚಾ ದಾರಿಗೂ ಆಗುವ ಹದವಾದ ಆಲ್ ಟೆರೇನ್ ವಿನ್ಯಾಸದ್ದು. ಕಂಪನಿ ಯಾವುದೆಂಬ ಅವನ ಮೊದಲ ಪ್ರಶ್ನೆ ಈ ಹೊತ್ತಿಗೆ ಕೊನೆಯದಾಗಿತ್ತು. ಒಂದೇ ವರ್ಗದಲ್ಲಿ ಹೆಸರಿರುವ ಮೂರು ಕಂಪನಿಗಳದು ಸಿಕ್ಕಿತು, ಅದರಲ್ಲಿ ತಯಾರಿಕೆಯ ದಿನಾಂಕ ಹೊಸದಿದ್ದದ್ದನ್ನು ತೆಗೆದುಕೊಳ್ಳಲು ಹೇಳಿದೆ. ಅಂಗಡಿಯಲ್ಲಿ ಎರಡು ವರ್ಷ ಕೂತ ಹೊಸ ಟೈರ್ ಎರಡು ವರ್ಷ ಹಳೆಯದೇ.

ಹಾಕಿಸಿದ ದಿನ, ಆಮೇಲೆ

ವಾಲ್ವ್ ಹೊಸದು ಹಾಕಿಸಿದೆವು. ಸಾಧಾರಣ ರಬ್ಬರ್ ವಾಲ್ವ್‌ಗೆ 65 ಪಿಎಸ್‌ಐ ಮಿತಿ, 50ಕ್ಕೆ ಅಡ್ಡಿಯಿಲ್ಲ. ಇ ಟೈರ್ ಆರಿಸಿ 80 ತುಂಬುವುದಾಗಿದ್ದರೆ ಹೆಚ್ಚು ಒತ್ತಡದ ವಾಲ್ವ್ ಬೇಕಿತ್ತು, ರಿಮ್‌ನ ಮಿತಿಯನ್ನೂ ನೋಡಬೇಕಿತ್ತು. ನಾಲ್ಕಕ್ಕೂ 50 ಪಿಎಸ್‌ಐ ತುಂಬಿಸಿ, ಬಾಗಿಲ ಚೀಟಿಯ ಪಕ್ಕದಲ್ಲಿ "50, ತಣ್ಣಗಿದ್ದಾಗ" ಎಂದು ಬರೆದ ಸ್ಟಿಕ್ಕರ್ ಅಂಟಿಸಿದೆ. 100 ಕಿಲೋಮೀಟರ್ ಓಡಿದ ಮೇಲೆ ನಟ್ ಮತ್ತೆ ಬಿಗಿ ಮಾಡಿಸಿದ. ಮೊದಲ ಕೆಲವು ನೂರು ಕಿಲೋಮೀಟರ್ ಟ್ರೈಲರ್ ಕಟ್ಟಬೇಡ ಅಂದಿದ್ದೆ, ಕೆಲಸ ಬಂತೆಂದು 300ಕ್ಕೇ ಕಟ್ಟಿದ.

ಡ್ಯಾಶ್‌ಬೋರ್ಡಿನ ಗಾಳಿ ದೀಪವನ್ನು ನಂಬಬೇಡ ಎಂದು ಎರಡು ಸಲ ಹೇಳಿದೆ. ಅದು ಚೀಟಿಯ ಒತ್ತಡದಿಂದ ಸುಮಾರು ಕಾಲುಭಾಗ ಇಳಿದಾಗ ಹತ್ತುವಂತೆ ಇರುತ್ತದೆ. 35ರ ಲೆಕ್ಕದಲ್ಲಿ 26ರ ಹತ್ತಿರ. 50 ಬೇಕಾದ ಟೈರ್ 30ಕ್ಕೆ ಇಳಿದರೂ ದೀಪ ಸುಮ್ಮನಿರುತ್ತದೆ. ಎಳೆಯುವ ದಿನ ಬೆಳಿಗ್ಗೆ ಹೊರಡುವ ಮುಂಚೆ ಕೈಯ ಗೇಜ್ ಹಚ್ಚಬೇಕು, ಬೇರೆ ದಾರಿಯಿಲ್ಲ. ಹೊರಗಿನ ಉಷ್ಣಾಂಶ 10 ಡಿಗ್ರಿ ಇಳಿದರೆ 50ರ ಟೈರಿನಲ್ಲಿ 2 ಪಿಎಸ್‌ಐ ತಾನಾಗಿಯೇ ಕಡಿಮೆಯಾಗುತ್ತದೆ.

ಮೊದಲ ದೂರದ ಎಳೆತದ ದಿನ ನಡುದಾರಿಯಿಂದ ಫೋನ್. "56 ತೋರಿಸುತ್ತಿದೆ, ಟೈರ್ ಮೇಲೆ ಗರಿಷ್ಠ 50 ಅಂತಿದೆ, ಬಿಡಲಾ?" ಬಿಡಬೇಡ ಅಂದೆ. ಸೈಡ್‌ವಾಲ್ ಮೇಲಿನ ಗರಿಷ್ಠ ತಣ್ಣಗಿದ್ದಾಗಿನದು. ಓಡಿ ಬಿಸಿಯಾದ ಟೈರಿನಲ್ಲಿ ಐದಾರು ಪಿಎಸ್‌ಐ ಏರುವುದು ಸಹಜ. ಬಿಸಿ ಟೈರಿನಿಂದ ಗಾಳಿ ಬಿಟ್ಟರೆ ತಣ್ಣಗಾದ ಮೇಲೆ 44ಕ್ಕೆ ಇಳಿದು, ನಾಳೆ ಅದೇ ಭಾರಕ್ಕೆ ಇನ್ನೂ ಹೆಚ್ಚು ಬಿಸಿಯಾಗುತ್ತದೆ. ಟ್ರೈಲರ್ ಹೇಗಿದೆ ಎಂದು ಕೇಳಿದೆ. ಅದೇ ಇಳಿಜಾರು ದಾಟಿ ಬಂದಿದ್ದ. ಬಾಲ ಅಲ್ಲಾಡಿರಲಿಲ್ಲ. ಇದರಲ್ಲಿ ಬಿಳಿ ಗೆರೆಯ ಪಾಲೆಷ್ಟು, ಟೈರಿನ ಪಾಲೆಷ್ಟು ಎಂದು ಬಿಡಿಸಿ ಹೇಳಲಾರೆ. ಹಳೆ ಟೈರಿನಲ್ಲೇ ವೇಬ್ರಿಜ್‌ನಿಂದ ಮನೆಗೆ 60ರ ವೇಗದಲ್ಲಿ ಹೋದಾಗಲೇ ಗಾಡಿ ನೆಟ್ಟಗೆ ಹೋಗುತ್ತಿದೆ ಎಂದಿದ್ದ, ಹಾಗಾಗಿ ಹೆಚ್ಚಿನ ಪಾಲು ಗೆರೆಯದೇ ಎಂಬುದು ನನ್ನ ಅಂದಾಜು.

ಬಿಚ್ಚಿದ ಹಳೆ ಟೈರ್‌ಗಳಲ್ಲಿ ಮುಂದಿನ ಎರಡನ್ನು ಟ್ರೈಲರಿಗೆ ಹಾಕಿಕೊಳ್ಳುವ ಯೋಚನೆಯೂ ಅವನಿಗಿತ್ತು. ಅದನ್ನು ಅಲ್ಲಿಯೇ ನಿಲ್ಲಿಸಿದೆ. ಎಂಟು ವರ್ಷದ ಬಿರುಕು ಬಿಟ್ಟ ರಬ್ಬರ್ ಟ್ರೈಲರಿಗೆ ಹೋದರೆ ಹೊಸದಾಗುವುದಿಲ್ಲ. ಅದರ ಟೈರ್ "ಎಸ್‌ಟಿ" ಎಂಬ ಬೇರೆಯೇ ವರ್ಗ, ಅದರ ಲೆಕ್ಕ ಬೇರೆ. ಆ ಟೈರನ್ನು ಪಿಕಪ್‌ಗೆ ಹಾಕುವಂತೆಯೂ ಇಲ್ಲ.

7,000 ಕಿಲೋಮೀಟರ್ ಆದ ಮೇಲೆ ಟ್ರೆಡ್ ಅಳೆದೆ. ಹೊಸದಿದ್ದಾಗ 11.5 ಮಿಲಿಮೀಟರ್. ಮುಂದೆ ಎಲ್ಲ ಕಡೆ 10.8. ಹಿಂದೆ ಅಂಚಿನಲ್ಲಿ 10.7, ನಡುವೆ 10.3. ಖಾಲಿ ಓಡಾಟಕ್ಕೆ 50 ಹೆಚ್ಚು, ಅದಕ್ಕೇ ನಡು ಬೇಗ ಸವೆಯುತ್ತಿದೆ. ಖಾಲಿ ಇದ್ದಾಗ 40ಕ್ಕೆ ಇಳಿಸಿ, ಎಳೆಯುವ ದಿನ ಮತ್ತೆ ತುಂಬಿದರೆ ಸಮನಾಗಿ ಸವೆಯುತ್ತದೆ ಎಂಬುದು ಗೊತ್ತು. ಆದರೆ ಇಳಿಸಿದ್ದನ್ನು ಮರೆತು ಟ್ರೈಲರ್ ಕಟ್ಟುವ ಮನುಷ್ಯ ಇವನು. 0.4 ಮಿಲಿಮೀಟರ್ ನಷ್ಟವನ್ನು ನಾನೇ ಒಪ್ಪಿಕೊಂಡೆ, ಹಿಂದಿನದನ್ನು ಮುಂದಕ್ಕೆ ಹಾಕಿಸಿದೆ. ಸವಾರಿ ಮೊದಲಿಗಿಂತ ಗಡುಸು ಎಂದು ಅವನ ಹೆಂಡತಿಯ ದೂರು ಉಳಿದಿದೆ. ಕಲ್ಲುದಾರಿಯಲ್ಲಿ ಪಕ್ಕೆ ಇನ್ನೂ ಸೀಳಿಲ್ಲ.

ಟೈರ್ ಅದಲುಬದಲು ಮಾಡಿಸುವಾಗ ಗಾಡಿಯ ಅಡಿಗೆ ಇಣುಕಿದವನು ನಾನೇ. ಸ್ಟೆಪ್ನಿ ಅಲ್ಲಿ ನೇತಾಡುತ್ತಿತ್ತು, ಧೂಳು ಒರೆಸಿ ನೋಡಿದರೆ 1916. ಇಷ್ಟೆಲ್ಲ ಲೆಕ್ಕ ಹಾಕಿದ ಇಬ್ಬರಿಗೂ ಐದನೇ ಚಕ್ರ ನೆನಪಾಗಿರಲಿಲ್ಲ. ಅದೇ ಬಗೆಯ ಇನ್ನೊಂದನ್ನು ತರಿಸಲು ಹೇಳಿದ್ದಾನೆ, ಬರುವವರೆಗೆ ಟ್ರೈಲರ್ ಶೆಡ್ಡಿನಲ್ಲಿದೆ.